ಟೇಪ್ ಇದೆ, ಹೆಸರಿಲ್ಲ: ಎಲೆಕ್ಟ್ರಾನಿಕ್ ಸಂಗೀತದ ಹೆಣ್ಣುಮಕ್ಕಳ ಕೆಲಸ ಉಳಿಸುವುದು, ಮತ್ತೆ ಹೇಳುವುದು ಹೇಗೆ?

ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದ ಡೀಲಿಯಾ ಡರ್ಬಿಶೈರ್ 2001ರಲ್ಲಿ ತೀರಿಕೊಂಡ ಮೇಲೆ ಅವರ ಮನೆಯ ಅಟ್ಟದಲ್ಲಿ 267 ಟೇಪ್ ರೀಲುಗಳು ಸಿಕ್ಕವು. ಜೊತೆಗೆ ಸಾವಿರದಷ್ಟು ಕಾಗದಗಳು. ಈ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅವರ ದೇಶವಾದ ಬ್ರಿಟನ್ನಿನಲ್ಲೂ ಬಹಳ ಕಾಲ ಗೊತ್ತಿರಲಿಲ್ಲ. ಆದರೆ ಅವರು ಮಾಡಿದ ಸದ್ದು ಮಾತ್ರ ಅಲ್ಲಿ ಮನೆಮನೆಗೂ ಗೊತ್ತಿತ್ತು. 1963ರಲ್ಲಿ ಶುರುವಾದ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಟೈಟಲ್ ಮ್ಯೂಸಿಕ್ ತಯಾರಾದದ್ದು ಅವರ ಕೈಯಲ್ಲಿ. ಧಾರಾವಾಹಿಯ ತೆರೆಯ ಮೇಲೆ ಅದಕ್ಕಾಗಿ ಅವರ ಹೆಸರು ಬಂದದ್ದು 2013ರಲ್ಲಿ, 50ನೇ ವರ್ಷದ ವಿಶೇಷ ಕಂತಿನಲ್ಲಿ.

ಇಂಥವರ ಬಗ್ಗೆ ಬರೆಯುವಾಗ ನಾವೆಲ್ಲ ಸುಮ್ನೆ ‘ಮರೆತುಹೋದ ಪ್ರತಿಭೆ’ ಅಂತ ಶುರು ಮಾಡಿಬಿಡುತ್ತೇವೆ. ನನಗೆ ಅದು ಇಷ್ಟವಿಲ್ಲ. ಜನ ಮರೆತರು ಅಂದರೆ ಯಾರದ್ದೂ ತಪ್ಪಿಲ್ಲ ಎಂದ ಹಾಗಾಯಿತು. ಹೆಚ್ಚಿನ ಕಡೆ ಆದದ್ದೇ ಬೇರೆ. ಒಂದು ನಿಯಮ, ಒಂದು ಒಪ್ಪಂದ ಅಥವಾ ಒಂದು ಫಾರಂ ಇತ್ತು. ಅದರಲ್ಲಿ ಹೆಸರು ಬರೆಯಲಿಲ್ಲ. ಅಷ್ಟೇ. ಆ ಜಾಗವನ್ನು ಹುಡುಕಿ ತೋರಿಸುವುದೇ ಈ ಕೆಲಸದ ಅರ್ಧ ಭಾಗ. ಉಳಿದರ್ಧ ಟೇಪು, ಕಾಗದ, ಹಕ್ಕು, ಬರವಣಿಗೆ.

ಲೇಖನ ಬರೆಯುವವರು, ಪಾಡ್‌ಕಾಸ್ಟ್ ಮಾಡುವವರು, ಕಾಲೇಜಿನಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಳ್ಳಬೇಕು ಅನ್ನುವವರು, ಮನೆಯಲ್ಲಿ ಅತ್ತೆಯದ್ದೋ ದೊಡ್ಡಮ್ಮನದ್ದೋ ರೀಲು, ಕ್ಯಾಸೆಟ್ಟಿನ ಡಬ್ಬ ಇಟ್ಟುಕೊಂಡು ಏನು ಮಾಡಬೇಕೋ ಗೊತ್ತಾಗದೆ ಕೂತವರು, ಎಲ್ಲರಿಗೂ ಇದು ಉಪಯೋಗಕ್ಕೆ ಬಂದೀತು.

1. ಒಬ್ಬರನ್ನೇ ಆರಿಸಿಕೊಳ್ಳಿ

‘ಹತ್ತು ಮಹಾನ್ ಮಹಿಳೆಯರು’ ಥರದ ಪಟ್ಟಿ ಬೇಡ. ಒಬ್ಬೊಬ್ಬರಿಗೂ ನಾಲ್ಕು ಸಾಲು ಸಿಗುತ್ತದೆ, ಓದಿದವರಿಗೆ ಮರುದಿನ ಒಂದು ಹೆಸರೂ ನೆನಪಿರುವುದಿಲ್ಲ. ಒಬ್ಬರನ್ನು ಹಿಡಿಯಿರಿ, ಪೂರ್ತಿ ಹಿಡಿಯಿರಿ.

ಯಾರನ್ನು? ಡ್ಯಾಫ್ನಿ ಓರಮ್ ಇದ್ದಾರೆ. ಕಾರ್ಯಕ್ರಮಗಳಿಗೆ ಬೇಕಾದ ಸದ್ದು, ಸಂಗೀತ ತಯಾರಿಸುತ್ತಿದ್ದ ಬಿಬಿಸಿಯ ವಿಭಾಗ ರೇಡಿಯೊಫೋನಿಕ್ ವರ್ಕ್‌ಶಾಪ್ 1958ರಲ್ಲಿ ಶುರುವಾಗಲು ಕಾರಣರಾದವರಲ್ಲಿ ಇವರು ಮುಖ್ಯರು. ಮರುವರ್ಷವೇ ಕೆಲಸ ಬಿಟ್ಟು ಕೆಂಟ್ ಪ್ರಾಂತ್ಯದ ಹಳ್ಳಿ ಮನೆಯೊಂದರಲ್ಲಿ ಸ್ವಂತ ಸ್ಟುಡಿಯೊ ಮಾಡಿಕೊಂಡರು. 35 ಎಂಎಂ ಫಿಲ್ಮ್ ಪಟ್ಟಿಗಳ ಮೇಲೆ ಚಿತ್ರ ಬರೆದರೆ ಅದು ಸದ್ದಾಗುವ ‘ಓರಮಿಕ್ಸ್’ ಎಂಬ ಯಂತ್ರ ಕಟ್ಟಿದರು. ಅಮೆರಿಕದಲ್ಲಿ ಸಿನಿಮಾಕ್ಕೆ ಎಲೆಕ್ಟ್ರಾನಿಕ್ ಸಂಗೀತ ಮಾಡಿದ ಬೀಬಿ ಬ್ಯಾರನ್ ಇದ್ದರು. ಲೋರಿ ಸ್ಪೀಗಲ್ 1970ರ ದಶಕದಲ್ಲಿ ಅಲ್ಲಿನ ಟೆಲಿಫೋನ್ ಕಂಪನಿಯ ಸಂಶೋಧನಾ ಸಂಸ್ಥೆಯಾದ ಬೆಲ್ ಲ್ಯಾಬ್ಸ್‌ನ ಕಂಪ್ಯೂಟರಿನಲ್ಲಿ ಸಂಗೀತ ಮಾಡಿದವರು. ನಮ್ಮ ದೇಶದಲ್ಲೇ ಬೇಕೆಂದರೆ ಅಹಮದಾಬಾದಿನ ಗೀತಾ ಸಾರಾಭಾಯಿ ಇದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆರಿಸುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ಅವರ ಒಂದಾದರೂ ಕೃತಿ ನಿಮ್ಮ ಕಿವಿಗೆ ಸಿಗುವ ಹಾಗಿರಬೇಕು. ಅವರ ಕೈಬರಹದ್ದೋ ಟೈಪ್ ಮಾಡಿದ್ದೋ ಒಂದು ಕಾಗದ ಎಲ್ಲಾದರೂ ಇರಬೇಕು. ಅವರನ್ನು ಕಂಡ, ಅವರ ಜೊತೆ ಕೆಲಸ ಮಾಡಿದ ಒಬ್ಬರು ಮಾತಿಗೆ ಸಿಗಬೇಕು, ಇಲ್ಲವೇ ಇಮೇಲಿಗೆ ಉತ್ತರ ಕೊಡುವ ಒಂದು ಆರ್ಕೈವ್ (ಹಳೆಯ ದಾಖಲೆ ಕಾಪಾಡುವ ಜಾಗ) ಇರಬೇಕು. ಮೂರರಲ್ಲಿ ಎರಡಿದ್ದರೆ ಕೆಲಸ ನಡೆಯುತ್ತದೆ. ಒಂದೇ ಇದ್ದರೆ ನೀವು ಬರೆಯುವುದು ಇಂಟರ್ನೆಟ್ಟಿನಲ್ಲಿ ಆಗಲೇ ಇರುವುದರ ನಕಲಾಗುತ್ತದೆ.

2. ಹೆಸರು ಎಲ್ಲಿ ತಪ್ಪಿತು ಎಂದು ಹುಡುಕಿ

ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ ಕೃತಿ, ಎರಡನೆಯದರಲ್ಲಿ ಅವರು ಕೈಯಾರೆ ಮಾಡಿದ್ದು ಏನು, ಮೂರನೆಯದರಲ್ಲಿ ಆಗ ಯಾರ ಹೆಸರು ಅಚ್ಚಾಯಿತು. ತುಂಬಿಸುತ್ತ ಹೋದ ಹಾಗೆ ಕಥೆ ತಾನಾಗಿ ಕಾಣಿಸುತ್ತದೆ.

ಡರ್ಬಿಶೈರ್ ಅವರ ಹಾಳೆ ಹೀಗಿರುತ್ತದೆ. ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತ ಓದಿದರು. 1959ರಲ್ಲಿ ಡೆಕ್ಕಾ ರೆಕಾರ್ಡ್ ಕಂಪನಿಗೆ ಕೆಲಸ ಕೇಳಿದಾಗ, ರೆಕಾರ್ಡಿಂಗ್ ಸ್ಟುಡಿಯೊಗಳಿಗೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. 1960ರಲ್ಲಿ ಬಿಬಿಸಿ ಸೇರಿದರು, 1962ರಲ್ಲಿ ರೇಡಿಯೊಫೋನಿಕ್ ವರ್ಕ್‌ಶಾಪ್‌ಗೆ ಬಂದರು. ಅಲ್ಲಿ ಯಾರು ಏನೇ ಮಾಡಿದರೂ ಕ್ರೆಡಿಟ್ ಹೋಗುತ್ತಿದ್ದದ್ದು ವಿಭಾಗದ ಹೆಸರಿಗೆ. ಈ ನಿಯಮ ಗಂಡಸರಿಗೂ ಅನ್ವಯಿಸುತ್ತಿತ್ತು. ಇದನ್ನೂ ಬರೆಯಿರಿ. ಬಿಟ್ಟರೆ ಗೊತ್ತಿರುವ ಓದುಗರು ಅಲ್ಲೇ ಹಿಡಿಯುತ್ತಾರೆ.

‘ಡಾಕ್ಟರ್ ಹೂ’ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ರಾಗ ಹಾಕಿದವರು ರಾನ್ ಗ್ರೇನರ್. ಅವರು ಬರೆದುಕೊಟ್ಟ ಸ್ವರಗಳನ್ನು ಸದ್ದು ಮಾಡಿದವರು ಡರ್ಬಿಶೈರ್, ಸಹಾಯಕ್ಕೆ ಡಿಕ್ ಮಿಲ್ಸ್ ಇದ್ದರು. ಮುಗಿದ ಟೇಪ್ ಕೇಳಿದ ಗ್ರೇನರ್, ಇದನ್ನು ಬರೆದದ್ದು ನಾನೇನಾ ಎಂದು ಕೇಳಿದರಂತೆ. ಬಹುಪಾಲು ನೀವೇ ಎಂದರಂತೆ ಇವರು. ರಾಯಲ್ಟಿಯಲ್ಲಿ ಅರ್ಧ ಅವರಿಗೂ ಹೋಗಲಿ ಎಂದು ಗ್ರೇನರ್ ಪ್ರಯತ್ನಪಟ್ಟರು. ಬಿಬಿಸಿಯ ನಿಯಮ ಬಿಡಲಿಲ್ಲ. ‘ರಾಗ ಹಾಕಿದ್ದೇ ಡರ್ಬಿಶೈರ್, ಗ್ರೇನರ್ ಕದ್ದರು’ ಎಂದು ಬರೆದರೆ ಓದಲು ಮಜಾ ಇರಬಹುದು. ಆದರೆ ಸುಳ್ಳು. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಜನ ನಂಬುವುದಿಲ್ಲ.

ಹೆಸರು ತಪ್ಪುವುದಕ್ಕೆ ಬೇರೆ ಬೇರೆ ದಾರಿಗಳಿವೆ. ಬೀಬಿ ಬ್ಯಾರನ್ ಮತ್ತು ಅವರ ಗಂಡ ಲೂಯಿಸ್ ಸೇರಿ 1956ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರಕ್ಕೆ ಪೂರ್ತಿ ಎಲೆಕ್ಟ್ರಾನಿಕ್ ಸಂಗೀತ ಮಾಡಿದರು. ಸಂಗೀತಗಾರರ ಯೂನಿಯನ್ ಜೊತೆ ತಕರಾರು ಬೇಡವೆಂದು ಟೈಟಲ್ ಕಾರ್ಡಿನಲ್ಲಿ ‘ಸಂಗೀತ’ ಎಂಬ ಮಾತನ್ನೇ ತೆಗೆದು ‘ಎಲೆಕ್ಟ್ರಾನಿಕ್ ಟೊನಾಲಿಟೀಸ್’ ಎಂದು ಹಾಕಿದರು. ಹೆಸರು ಇತ್ತು, ಕೆಲಸ ಯಾವುದೆಂದು ಇರಲಿಲ್ಲ. ಈ ಜೋಡಿಯಲ್ಲಿ ಸರ್ಕ್ಯೂಟ್ ಕಟ್ಟುತ್ತಿದ್ದವರು ಲೂಯಿಸ್. ಗಂಟೆಗಟ್ಟಲೆ ಟೇಪ್ ಕೇಳಿ ಯಾವ ಸದ್ದು ಇರಬೇಕು, ಯಾವುದು ಬೇಡ ಎಂದು ಆರಿಸುತ್ತಿದ್ದವರು ಬೀಬಿ. ಇಂಥ ಹಂಚಿಕೆ ನಿಮ್ಮ ಎರಡನೇ ಕಾಲಂನಲ್ಲಿ ಬರಲೇಬೇಕು. ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದಾಗ ಓದುವವರು ಎಂಜಿನಿಯರ್ ಒಬ್ಬರೇ ಕಲಾವಿದ ಅಂದುಕೊಳ್ಳುವುದು ಮಾಮೂಲು.

ಸ್ಪೀಗಲ್ ಅವರದ್ದು ವಿಚಿತ್ರ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳು ಹೊತ್ತೊಯ್ದ ಚಿನ್ನದ ಲೇಪದ ರೆಕಾರ್ಡ್ ತಟ್ಟೆಯಲ್ಲಿ ಅವರ ಕೆಲಸವಿದೆ. ಗ್ರಹಗಳ ಚಲನೆ ಬಗ್ಗೆ ಖಗೋಳ ವಿಜ್ಞಾನಿ ಕೆಪ್ಲರ್ ಮಾಡಿದ ಲೆಕ್ಕವನ್ನು ಅವರು ಸದ್ದಾಗಿಸಿದ್ದು. ಅದೇ ತಟ್ಟೆಯ ಸಂಗೀತದ ಭಾಗದಲ್ಲಿ ನಮ್ಮ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ. ಸ್ಪೀಗಲ್ ಮಾಡಿದ್ದು ಆ ಭಾಗದಲ್ಲಿ ಇಲ್ಲ. ಮಳೆ, ಗುಡುಗು, ಪ್ರಾಣಿಗಳ ಕೂಗು ಎಲ್ಲ ಇರುವ ‘ಭೂಮಿಯ ಸದ್ದುಗಳು’ ಭಾಗದಲ್ಲಿದೆ. ಯಾವ ಪೆಟ್ಟಿಗೆಯಲ್ಲಿ ಇಟ್ಟರು ಎನ್ನುವುದೂ ನೋಡಬೇಕಾದ ವಿಷಯವೇ.

3. ಟೇಪ್ ಕೈಗೆ ಬಂದರೆ, ಮೊದಲು ಪ್ಲೇ ಮಾಡಬೇಡಿ

ಇದು ತುಂಬಾ ಮುಖ್ಯ. ಕುತೂಹಲಕ್ಕೆ ಹಳೇ ಪ್ಲೇಯರ್‌ಗೆ ಹಾಕಿ ಒತ್ತಿದಿರೋ, ಅದೇ ಆ ಟೇಪ್ ಕೊನೇ ಸಲ ಓಡಿದ್ದಾಗಬಹುದು.

ಮೊದಲು ಫೋಟೊ. ಡಬ್ಬದ ಆರೂ ಬದಿ, ಒಳಗಿನ ಚೀಟಿ, ರೀಲಿನ ಮೇಲಿನ ಪೆನ್ಸಿಲ್ ಗುರುತು, ಅಂಟು ಬಿಟ್ಟು ಬಿದ್ದ ಲೇಬಲ್, ಎಲ್ಲದರದ್ದೂ. ಯಾವ ಲೇಬಲ್ ಯಾವ ಡಬ್ಬದಲ್ಲಿ ಬಿದ್ದಿತ್ತು ಎನ್ನುವುದು ಹತ್ತು ನಿಮಿಷದಲ್ಲಿ ಅದಲು ಬದಲಾಗುತ್ತದೆ. ಪ್ರತಿ ಡಬ್ಬಕ್ಕೂ ಒಂದು ನಂಬರ್ ಕೊಟ್ಟು, ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಒಳಗಿಡಿ. ಡಬ್ಬದ ಮೇಲೆ ಪೆನ್ನಿನಲ್ಲಿ ಗೀಚಬೇಡಿ. ನಾಳೆ ಯಾವುದು ಅವರ ಅಕ್ಷರ, ಯಾವುದು ನಿಮ್ಮದು ಎಂದು ಗೊತ್ತಾಗಬೇಕಲ್ವಾ?

ಆಮೇಲೆ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಟೇಪ್, ಕೊಳೆಯಲು ಶುರುವಾಗಿದೆ. ಅದನ್ನು ಉಳಿದವುಗಳಿಂದ ದೂರ ಇಡಿ, ಕಾಪಿ ಮಾಡುವಾಗ ಅದಕ್ಕೇ ಮೊದಲ ಸರದಿ. ವಾಸನೆ ಇಲ್ಲದಿದ್ದರೆ ರೀಲನ್ನು ಬೆಳಕಿಗೆ ಹಿಡಿಯಿರಿ. ಸುತ್ತಿದ ಟೇಪಿನ ಮೂಲಕ ಬೆಳಕು ಮಂಕಾಗಿ ದಾಟಿದರೆ ಅಸಿಟೇಟ್, ದಾಟದಿದ್ದರೆ ಸಾಮಾನ್ಯವಾಗಿ ಪಾಲಿಯೆಸ್ಟರ್. ಬಿಳಿ ಪುಡಿ ಅಥವಾ ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಮಾಸ್ಕ್ ಹಾಕಿಕೊಳ್ಳಿ, ಬಾಯಿಂದ ಊದಬೇಡಿ, ಬೇರೆ ಕವರಿನಲ್ಲಿ ಹಾಕಿ ಕಟ್ಟಿಡಿ. ಮಂಗಳೂರು, ಉಡುಪಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಕಳೆದ ಮೇಲೆ ಇದು ಕಾಣದಿದ್ದರೇ ಆಶ್ಚರ್ಯ.

1970, 80ರ ದಶಕದ ಕೆಲವು ಬ್ರಾಂಡಿನ ಟೇಪುಗಳಿಗೆ ಇನ್ನೊಂದು ಕಾಯಿಲೆ ಇದೆ. ಸದ್ದು ದಾಖಲಾಗುವ ಕಾಂತೀಯ ಪುಡಿಯನ್ನು ಟೇಪಿಗೆ ಹಿಡಿದಿಟ್ಟ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಓಡಿಸಿದರೆ ಕೀರಲು ಶಬ್ದ ಬರುತ್ತದೆ, ಟೇಪನ್ನು ಓದುವ ಹೆಡ್ ಮೇಲೆ ಕಂದು ಪುಡಿ ಕೂರುತ್ತದೆ. ಆ ಪುಡಿಯೇ ಸಂಗೀತ. ತಕ್ಷಣ ನಿಲ್ಲಿಸಿ. ಇಂಥ ಟೇಪನ್ನು ತಿಳಿದವರು 50 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬಿಸಿಯಲ್ಲಿ ಹಲವು ಗಂಟೆ ಇಟ್ಟು ಒಣಗಿಸುತ್ತಾರೆ, ಆಮೇಲೆ ಕೆಲವು ದಿನಗಳ ಮಟ್ಟಿಗೆ ಅದು ಓಡುತ್ತದೆ. ಅಡುಗೆಮನೆಯ ಓವನ್‌ನಲ್ಲಿ ಈ ಸಾಹಸ ಬೇಡ. ಅಸಿಟೇಟ್ ಟೇಪಿಗಂತೂ ಬಿಸಿ ತಾಗಿಸಲೇಬಾರದು.

ಟೇಪ್ ಸಂಗೀತಕ್ಕೇ ವಿಶೇಷವಾದ ಒಂದು ತೊಂದರೆ ಇದೆ, ಭಾಷಣ, ಕಛೇರಿಯ ರೆಕಾರ್ಡಿಂಗ್‌ಗಳಲ್ಲಿ ಇದು ಇಷ್ಟು ಕಾಡುವುದಿಲ್ಲ. ಡರ್ಬಿಶೈರ್, ಓರಮ್ ಕಾಲದಲ್ಲಿ ಒಂದೊಂದು ಸ್ವರವೂ ಒಂದು ತುಂಡು ಟೇಪ್. ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ್ದು. ಒಂದು ನಿಮಿಷದ ಸಂಗೀತದಲ್ಲಿ ನೂರಾರು ಅಂಟು ಇರಬಹುದು. ವರ್ಷಗಳಾದ ಮೇಲೆ ಆ ಅಂಟು ಒಣಗಿ, ಟೇಪ್ ಎಳೆದ ಕೂಡಲೇ ಬಾಡಿದ ಹೂವಿನ ದಂಡೆಯ ಹಾಗೆ ಉದುರುತ್ತದೆ. ಉದುರಿದ ತುಂಡುಗಳನ್ನು ಒಟ್ಟು ಮಾಡಿ ಡಬ್ಬಕ್ಕೆ ತುರುಕಬೇಡಿ. ಬಿದ್ದ ಕ್ರಮದಲ್ಲೇ ಬಿಳಿ ಹಾಳೆಯ ಮೇಲೆ ಇಟ್ಟು, ಯಾವ ತುದಿ ಮುಂದೆ ಎಂದು ಹಾಳೆಯ ಮೇಲೆ ಬಾಣ ಹಾಕಿ, ಫೋಟೊ ತೆಗೆಯಿರಿ. ಮತ್ತೆ ಜೋಡಿಸಲು ಸ್ಪ್ಲೈಸಿಂಗ್ ಟೇಪೇ ಬೇಕು. ಸೆಲ್ಲೋಟೇಪ್ ಹಾಕಿದರೆ ಅಂಟು ಹರಡಿ ಪಕ್ಕದ ಸುತ್ತುಗಳೂ ಹಾಳು.

ಡಿಜಿಟೈಸ್ ಮಾಡಿಸುವಾಗ ಅಂಗಡಿಯವರಿಗೆ ಇಷ್ಟು ಹೇಳಿ. ವೇವ್ ಫೈಲ್ ಬೇಕು, 24 ಬಿಟ್, 96 ಕಿಲೋಹರ್ಟ್ಸ್. ಸ್ಟೀರಿಯೊದಲ್ಲಿ ಅರ್ಧ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ, ಈಗಿನ ಹಾರ್ಡ್ ಡಿಸ್ಕಿಗೆ ಅದು ಲೆಕ್ಕಕ್ಕಿಲ್ಲ. ಎಂಪಿ3 ಕೊಡುತ್ತೇವೆ ಅಂದರೆ ಬೇಡ ಅನ್ನಿ, ಅದನ್ನು ನೀವೇ ಆಮೇಲೆ ಮಾಡಿಕೊಳ್ಳಬಹುದು. ಟೇಪ್ ಓಡಿದ ವೇಗ ಬರೆದುಕೊಡಲಿ. ಸೆಕೆಂಡಿಗೆ ಏಳೂವರೆ ಇಂಚಿನದ್ದನ್ನು 15 ಇಂಚಿನಲ್ಲಿ ಓಡಿಸಿದರೆ ಎಲ್ಲ ಒಂದು ಸ್ಥಾಯಿ ಮೇಲೆ ಹೋಗುತ್ತದೆ. ಹಾಡಾದರೆ ತಕ್ಷಣ ಗೊತ್ತಾಗುತ್ತದೆ. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಇದೇ ಸರಿ ಅಂದುಕೊಂಡು ಬಿಟ್ಟುಬಿಡುವ ಅಪಾಯವಿದೆ. ಹೆಡ್ ಸ್ವಚ್ಛ ಮಾಡಿದ್ದಾರಾ ಎಂದೂ ಕೇಳಿ. ಬೇಜಾರು ಮಾಡಿಕೊಂಡರೆ ಬೇರೆ ಅಂಗಡಿ ನೋಡಿ.

ಇನ್ನೊಂದು ಮಾತು: ‘ಕ್ಲೀನ್’ ಮಾಡಿಸಬೇಡಿ. ಹಿಸ್ (ಟೇಪಿನ ಸುಯ್ ಎನ್ನುವ ಸದ್ದು) ತೆಗೆಯುವುದು, ಮೊದಲ ಖಾಲಿ ಜಾಗ ಕತ್ತರಿಸುವುದು, ನಡುವಿನ ಮಾತು ತೆಗೆಯುವುದು ಯಾವುದೂ ಮೂಲ ಫೈಲಿಗೆ ಬೇಡ. ಬೇಕಾದರೆ ಕಾಪಿಯ ಮೇಲೆ ಮಾಡಿ. ಡರ್ಬಿಶೈರ್ ಅವರ ಅಟ್ಟದ ಟೇಪುಗಳಲ್ಲಿ 1960ರ ದಶಕದ ಕೊನೆಯ ಒಂದು ತುಣುಕು ಇದೆ. 2008ರಲ್ಲಿ ಅದು ಹೊರಗೆ ಬಂದಾಗ ಕೇಳಿದವರು ದಂಗಾದರು, ಈಗಿನ ಡಾನ್ಸ್ ಮ್ಯೂಸಿಕ್ ಥರ ಇತ್ತು. ಅದರ ಶುರುವಿನಲ್ಲಿ ಅವರದೇ ದನಿ ಕೇಳಿಸುತ್ತದೆ. ಇದನ್ನು ಬಿಟ್ಟುಬಿಡಿ, ಸುಮ್ನೆ ಕುತೂಹಲಕ್ಕೆ ಮಾಡಿದ್ದು ಅನ್ನುವ ಅರ್ಥದ ಒಂದು ಮಾತು. ಯಾರೋ ಶಿಸ್ತಿನವರು ಆ ಮಾತನ್ನು ಕತ್ತರಿಸಿದ್ದರೆ ನಮಗೆ ಒಂದು ರಿದಂ ಮಾತ್ರ ಉಳಿಯುತ್ತಿತ್ತು.

ಮೂರು ಕಾಪಿ ಇರಲಿ. ಎರಡು ನಿಮ್ಮ ಹತ್ತಿರ ಬೇರೆ ಬೇರೆ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲೋ ಕ್ಲೌಡಿನಲ್ಲೋ. ಕಾಪಿ ಆಯಿತಲ್ಲ ಎಂದು ಮೂಲ ಟೇಪ್ ಎಸೆಯಬೇಡಿ. ರೀಲುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿಡಿ, ಸ್ಪೀಕರ್, ಮೋಟಾರಿನಿಂದ ದೂರ. ಅಟ್ಟ ಬೇಡ, ಬಾತ್‌ರೂಮಿಗೆ ಅಂಟಿದ ಗೋಡೆಯೂ ಬೇಡ. ಡಬ್ಬಗಳನ್ನು ಇಡುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ, ಆಗಾಗ ಬದಲಿಸಿ. ಸಂಗ್ರಹ ದೊಡ್ಡದಿದ್ದರೆ ಮನೆಯಲ್ಲಿ ಇಟ್ಟುಕೊಳ್ಳುವ ಹಟ ಬೇಡ. 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ ಆರ್ಕೈವ್ಸ್ ಅಂಡ್ ರಿಸರ್ಚ್ ಸೆಂಟರ್ ಫಾರ್ ಎಥ್ನೋಮ್ಯೂಸಿಕಾಲಜಿಯಂಥ ಸಂಸ್ಥೆಗಳನ್ನು ಕೇಳಿ ನೋಡಿ. ಅವರೇ ತೆಗೆದುಕೊಳ್ಳದಿದ್ದರೂ ದಾರಿ ಹೇಳಬಹುದು.

4. ಮಾತಾಡಿಸಿ, ಆದರೆ ಕೈಗಳ ಬಗ್ಗೆ ಕೇಳಿ

‘ಹೆಣ್ಣಾಗಿ ಈ ಕ್ಷೇತ್ರದಲ್ಲಿ ಹೇಗನ್ನಿಸಿತು?’ ಇದನ್ನು ಮೊದಲ ಪ್ರಶ್ನೆ ಮಾಡಬೇಡಿ. ಅವರು ಇದಕ್ಕೆ ಎಷ್ಟೋ ಸಲ ಉತ್ತರ ಕೊಟ್ಟು ಸುಸ್ತಾಗಿರುತ್ತಾರೆ, ಸಿದ್ಧ ಉತ್ತರವೇ ಬರುತ್ತದೆ. ಅವರ ಕೃತಿಯ ಅರ್ಧ ನಿಮಿಷ ಹಾಕಿ ಕೇಳಿಸಿ. ಈ ಸದ್ದು ಯಾವುದರಿಂದ ಬಂತು? ಆ ಮೆಷಿನ್ ಕೋಣೆಯಲ್ಲಿ ಎಲ್ಲಿತ್ತು? ಕೀಲಿ ಯಾರ ಹತ್ತಿರ ಇರುತ್ತಿತ್ತು? ಸ್ಟುಡಿಯೊ ಎಷ್ಟು ಹೊತ್ತಿಗೆ ನಿಮಗೆ ಸಿಗುತ್ತಿತ್ತು? ಕೀಲಿ ಮತ್ತು ಹೊತ್ತಿನ ಪ್ರಶ್ನೆಗೆ ಬರುವ ಉತ್ತರದಲ್ಲೇ ಹೆಣ್ಣಾಗಿ ಹೇಗನ್ನಿಸಿತು ಎನ್ನುವುದೆಲ್ಲ ಬಂದುಬಿಡುತ್ತದೆ.

ಅವರು ಇಲ್ಲದಿದ್ದರೆ ಮನೆಯವರನ್ನು, ಜೊತೆಗಿದ್ದ ಟೆಕ್ನಿಷಿಯನ್‌ಗಳನ್ನು ಕೇಳಿ. ಡಬ್ಬದ ಫೋಟೊಗಳನ್ನು ಒಯ್ಯಿರಿ. ಇದು ಯಾರ ಅಕ್ಷರ ಎಂಬ ಒಂದೇ ಪ್ರಶ್ನೆಗೆ ಅರ್ಧ ಗಂಟೆ ಮಾತು ಹೊರಡುತ್ತದೆ. ರೆಕಾರ್ಡ್ ಮಾಡುವ ಮೊದಲು ಕೇಳಿಕೊಳ್ಳಿ, ಎಲ್ಲಿ ಬಳಸುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಇದು ಬೇಡಮ್ಮ, ಬರೀಬೇಡ ಎಂದು ಅವರು ಹೇಳಿದ್ದನ್ನು ಬಿಟ್ಟುಬಿಡಿ.

5. ಹಕ್ಕಿನ ವಿಷಯ ಮೊದಲೇ ಬಗೆಹರಿಸಿ

ಡರ್ಬಿಶೈರ್ ಟೇಪುಗಳು 2007ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದವು. ಆ ವರ್ಷವೇ ಬಹುತೇಕ ಎಲ್ಲ ಡಿಜಿಟೈಸ್ ಆದವು. ಆದರೂ ಅಂಗಡಿಗೆ ಹೋಗಿ ಆ 267 ಟೇಪಿನ ಸೆಟ್ ಕೊಡಿ ಅಂದರೆ ಸಿಗುವುದಿಲ್ಲ. ಹಕ್ಕು ಯಾರದ್ದು ಎನ್ನುವ ಸಿಕ್ಕು ಅಡ್ಡ ಬಂತು. ಕೆಲಸದಲ್ಲಿದ್ದಾಗ ಮಾಡಿದ್ದು ಸಾಮಾನ್ಯವಾಗಿ ಕೆಲಸ ಕೊಟ್ಟವರಿಗೆ ಸೇರುತ್ತದೆ, ನಾಟಕಕ್ಕೋ ಚಿತ್ರಕ್ಕೋ ಮಾಡಿಕೊಟ್ಟದ್ದು ಇನ್ಯಾರಿಗೋ.

ಡಬ್ಬ ಯಾರ ಮನೆಯಲ್ಲಿದೆಯೋ ಹಕ್ಕೂ ಅವರದ್ದೇ ಎಂದುಕೊಳ್ಳಬೇಡಿ. ಭಾರತದಲ್ಲಿ ಸಂಗೀತ ಕೃತಿಗೆ ರಚಿಸಿದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಹಕ್ಕು ಇರುತ್ತದೆ. ರೆಕಾರ್ಡಿಂಗಿಗೆ ಅದು ಬಿಡುಗಡೆಯಾದ ಮೇಲೆ 60 ವರ್ಷ. ಬ್ರಿಟನ್ನಿನಲ್ಲಿ ರಚಿಸಿದವರು ತೀರಿಕೊಂಡ ಮೇಲೆ 70 ವರ್ಷ. ಮೂವತ್ತು ಸೆಕೆಂಡ್ ಒಳಗೆ ಬಳಸಿದರೆ ಏನೂ ಆಗಲ್ಲ ಅಂತ ಯೂಟ್ಯೂಬ್ ಮಾಡುವವರು ಹೇಳುತ್ತಿರುತ್ತಾರೆ. ಕಾಯಿದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕವೇ ಇಲ್ಲ. ವಿಮರ್ಶೆಗಾಗಿ ಹಿತಮಿತವಾಗಿ ಬಳಸಲು ಅವಕಾಶವಿದೆ, ಅಷ್ಟೇ. ಅನುಮಾನ ಬಂದರೆ ಪತ್ರ ಬರೆದು ಕೇಳಿ. ಉತ್ತರ ಬರುವವರೆಗೆ ಅಧಿಕೃತವಾಗಿ ಇರುವ ಕಡೆಗೆ ಲಿಂಕ್ ಕೊಟ್ಟರೆ ಸಾಕು.

6. ಬರೆಯುವಾಗ ಅವರನ್ನೇ ಕರ್ತೃ ಮಾಡಿ

ಗೀತಾ ಸಾರಾಭಾಯಿ ಅವರ ಬಗ್ಗೆ ಹುಡುಕಿದರೆ ಮೊದಲು ಸಿಗುವುದು ಅಮೆರಿಕದ ಸಂಗೀತಗಾರ ಜಾನ್ ಕೇಜ್ ಹೆಸರು. ಗೀತಾ 1946ರಲ್ಲಿ ನ್ಯೂಯಾರ್ಕಿಗೆ ಹೋದದ್ದು, ಇಬ್ಬರೂ ಪಾಠ ವಿನಿಮಯ ಮಾಡಿಕೊಂಡದ್ದು, ಸಂಗೀತ ಇರುವುದು ಮನಸ್ಸನ್ನು ಶಾಂತಗೊಳಿಸಿ ದೈವಕ್ಕೆ ತೆರೆದುಕೊಳ್ಳುವಂತೆ ಮಾಡಲು ಎಂದು ಇವರು ಹೇಳಿದ್ದು, ಅದು ಕೇಜ್ ಅವರ ದಾರಿಯನ್ನೇ ಬದಲಿಸಿದ್ದು. ಎಲ್ಲ ನಿಜ. ಆದರೆ ಈ ಕಥೆಯಲ್ಲಿ ಗೀತಾ ಬರುವುದು ಒಂದು ದೃಶ್ಯಕ್ಕೆ ಮಾತ್ರ. ಒಂದು ಒಳ್ಳೇ ಮಾತು ಹೇಳಿ ಹೊರಟುಹೋಗುತ್ತಾರೆ.

ಅದೇ ಬದುಕನ್ನು ಅವರ ಕಡೆಯಿಂದ ಹೇಳಿ ನೋಡಿ. 1922ರಲ್ಲಿ ಹುಟ್ಟಿದವರು. ಹೆಂಗಸರು ಅಷ್ಟಾಗಿ ಮುಟ್ಟದ, ಮೃದಂಗದಂಥ ಪಖಾವಜ್ ಕಲಿತರು. ಪಾಶ್ಚಾತ್ಯ ಸಂಗೀತ ನಮ್ಮದರ ಮೇಲೆ ಏನು ಪರಿಣಾಮ ಮಾಡೀತು ಎಂಬ ಚಿಂತೆ ಅವರಿಗಿತ್ತು, ಅದಕ್ಕೇ ಅದನ್ನು ತಿಳಿಯಲು ನ್ಯೂಯಾರ್ಕಿಗೆ ಹೋದರು. ಕೇಜ್ ಹತ್ತಿರ ಕೌಂಟರ್‌ಪಾಯಿಂಟ್ (ಹಲವು ರಾಗಗಳನ್ನು ಒಟ್ಟಿಗೆ ಹೆಣೆಯುವ ಪಾಶ್ಚಾತ್ಯ ಪದ್ಧತಿ) ಕಲಿತರು. ವಾಪಸ್ ಬಂದು 1949ರಲ್ಲಿ ಅಹಮದಾಬಾದಿನಲ್ಲಿ ಸಂಗೀತ ಕೇಂದ್ರ ಕಟ್ಟಿದರು. 1969ರಲ್ಲಿ ಅಲ್ಲಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಮೂಗ್ ಸಿಂಥಸೈಜರ್ ಇಟ್ಟು ಎಲೆಕ್ಟ್ರಾನಿಕ್ ಸ್ಟುಡಿಯೊ ಶುರುವಾಯಿತು. ಅದನ್ನು ಅಮೆರಿಕದಿಂದ ಬಂದ ಸಂಗೀತಗಾರ ಡೇವಿಡ್ ಟ್ಯೂಡರ್ ಹೊಂದಿಸಿಕೊಟ್ಟರು. ಗೀತಾ ಆಗ 40 ದಾಟಿದ್ದರು. ಅವರೂ ಆ ಯಂತ್ರದ ಮುಂದೆ ಕೂತು ಸಂಗೀತ ಮಾಡಿದರು. ಆ ಟೇಪುಗಳು ಸಂಸ್ಥೆಯ ಆರ್ಕೈವಿನಲ್ಲಿ ದಶಕಗಳ ಕಾಲ ಇದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ಆಯ್ದ ಭಾಗಗಳ ಸಂಕಲನ ಬಂತು. ಈಗ ಅವರನ್ನು ನಾವು ಕೇಳಬಹುದು. ಕೇಜ್ ಈ ಪ್ಯಾರಾದಲ್ಲೂ ಇದ್ದಾರೆ, ಒಂದು ವಾಕ್ಯದಲ್ಲಿ.

ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಿ. ಕರ್ತೃ ಅವರೇ ಆಗಿರುವ ವಾಕ್ಯಗಳಿಗೆಲ್ಲ ಗೆರೆ ಹಾಕಿ. ‘ಅವರಿಗೆ ಅವಕಾಶ ನೀಡಲಾಯಿತು’, ‘ಅವರಿಂದ ಪ್ರೇರಿತರಾದ ಇಂಥವರು’ ಎನ್ನುವುದೇ ಜಾಸ್ತಿ ಇದ್ದರೆ ಮತ್ತೆ ಬರೆಯಿರಿ. ‘ಟೆಕ್ನೊದ ತಾಯಿ’, ‘ಸಿಂಥ್ ರಾಣಿ’ ಥರದ ಬಿರುದುಗಳನ್ನು ಹೊಡೆದುಹಾಕಿ. ಕುಡಿತ, ಒಂಟಿತನ, ಮದುವೆ ಮುರಿದದ್ದು ಕೆಲಸಕ್ಕೆ ಸಂಬಂಧವಿದ್ದರೆ ಮಾತ್ರ ಬರಲಿ. ಗಂಡಸು ಎಂಜಿನಿಯರ್ ಬಗ್ಗೆ ಬರೆಯುವಾಗ ಇದನ್ನೆಲ್ಲ ಕೆದಕುತ್ತಿರಲಿಲ್ಲ ತಾನೇ?

ಕೆಲಸವನ್ನು ಹತ್ತಿರದಿಂದ ತೋರಿಸಿದರೆ ಬಿರುದೇ ಬೇಕಾಗುವುದಿಲ್ಲ. ‘ಡಾಕ್ಟರ್ ಹೂ’ ತಯಾರಾದ ಬಗೆ ನೋಡಿ. ಸಿಂಥಸೈಜರ್ ಇರಲಿಲ್ಲ. ಹಲವು ಸದ್ದುಗಳನ್ನು ಒಂದೇ ಟೇಪಿನಲ್ಲಿ ಬೇರೆ ಬೇರೆಯಾಗಿ ಹಿಡಿಯುವ ಮಲ್ಟಿಟ್ರ್ಯಾಕ್ ರೆಕಾರ್ಡರ್ ಇರಲಿಲ್ಲ. ಕೆಳಗೆ ಓಡುವ ಆ ಬೇಸ್ ಸ್ವರಗಳು ಒಂದೇ ಒಂದು ತಂತಿ ಮೀಟಿದ ಸದ್ದು. ಅದನ್ನು ಟೇಪಿನಲ್ಲಿ ವೇಗ ಹೆಚ್ಚು ಕಮ್ಮಿ ಮಾಡಿ ಬೇರೆ ಬೇರೆ ಸ್ವರ ಮಾಡಿಕೊಂಡು, ಪ್ರತಿಯೊಂದನ್ನೂ ಬೇಕಾದ ಉದ್ದಕ್ಕೆ ಕತ್ತರಿಸಿ ಅಂಟಿಸಿದರು. ಮೇಲಿನ ರಾಗ ಬಂದದ್ದು ಉಪಕರಣ ಪರೀಕ್ಷೆಗೆಂದು ಇಟ್ಟಿದ್ದ, ಒಂದೇ ಸಮನೆ ಸ್ವರ ಹೊರಡಿಸುವ ಆಸಿಲೇಟರ್‌ಗಳಿಂದ, ಗುಂಡಿ ತಿರುಗಿಸಿ ಸ್ವರಕ್ಕೆ ಕೂರಿಸಿದ್ದು. ಕೊನೆಗೆ ಬೇರೆ ಬೇರೆ ಟೇಪುಗಳನ್ನು ಬೇರೆ ಬೇರೆ ಮೆಷಿನ್ನಿನಲ್ಲಿ ಒಟ್ಟಿಗೆ ಶುರು ಮಾಡಿ ಕೂಡಿಸಬೇಕು. ಎಲ್ಲೋ ಒಂದು ಅಂಟಿನಲ್ಲಿ ತಪ್ಪಾಗಿ ತಾಳ ಕೂಡಲಿಲ್ಲ. ಎಲ್ಲಿ ಅಂತ ಕಿವಿಗೆ ಗೊತ್ತಾಗಲಿಲ್ಲ. ಟೇಪುಗಳನ್ನು ಸ್ಟುಡಿಯೊದ ಉದ್ದ ಕಾರಿಡಾರಿನಲ್ಲಿ ಪಕ್ಕಪಕ್ಕ ಬಿಚ್ಚಿ ಹಾಸಿ, ಅಂಟಿಗೆ ಅಂಟು ಹೋಲಿಸುತ್ತ ನಡೆದು ಹುಡುಕಿದರು. ಈ ಪ್ಯಾರಾ ಓದಿದವರಿಗೆ ‘ಪ್ರತಿಭಾವಂತೆ’ ಎಂದು ನೀವು ಹೇಳಬೇಕಾಗಿಲ್ಲ.

ಕನ್ನಡದ ಕೇಳುಗರಿಗೆ ಎಲೆಕ್ಟ್ರಾನಿಕ್ ಸದ್ದು ಹೊಸದು ಎಂದುಕೊಂಡು ಪೀಠಿಕೆ ಉದ್ದ ಮಾಡಬೇಡಿ. ಬೆಂಗಳೂರಿನಲ್ಲೇ ತಯಾರಾಗುವ ರಾಡೆಲ್ ತಂಬೂರಿ ಪೆಟ್ಟಿಗೆ ಎಷ್ಟು ಸಂಗೀತ ಪಾಠದ ಮನೆಗಳಲ್ಲಿಲ್ಲ? ಅಲ್ಲಿಂದಲೇ ಶುರು ಮಾಡಬಹುದು.

7. ಓದಿಸುವುದಷ್ಟೇ ಅಲ್ಲ, ಮಾಡಿಸಿ

ಓರಮ್ 1949ರಲ್ಲಿ ‘ಸ್ಟಿಲ್ ಪಾಯಿಂಟ್’ ಎಂಬ ಕೃತಿ ಬರೆದರು. ಎರಡು ಆರ್ಕೆಸ್ಟ್ರಾ, ಜೊತೆಗೆ ಟರ್ನ್‌ಟೇಬಲ್ ಮತ್ತು ಮೈಕ್ರೊಫೋನುಗಳು. ಅವರ ಜೀವಮಾನದಲ್ಲಿ ಯಾರೂ ಅದನ್ನು ನುಡಿಸಲಿಲ್ಲ. 2003ರಲ್ಲಿ ಅವರು ತೀರಿಕೊಂಡರು. ಅವರ ಕಾಗದಗಳು ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಆರ್ಕೈವಿಗೆ ಬಂದವು. ಸಂಗೀತಗಾರರಾದ ಶಿವಾ ಫೆಶರೆಕಿ ಮತ್ತು ಜೇಮ್ಸ್ ಬುಲಿ ಅವುಗಳ ಮೇಲೆ ಕೂತು ಕೃತಿಯನ್ನು ಕಟ್ಟಿದರು. 2016ರಲ್ಲಿ ಒಮ್ಮೆ ಪ್ರಯೋಗವಾಯಿತು, ಪರಿಷ್ಕರಿಸಿದ ರೂಪ 2018ರ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಕೇಳಿಸಿತು. ಆರ್ಕೈವ್ ಇದ್ದರೆ ಎಂದೋ ಒಂದು ದಿನ ಯಾರೋ ನುಡಿಸುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮಗೆ ಎರಡು ಆರ್ಕೆಸ್ಟ್ರಾ ಎಲ್ಲಿಂದ ಬರಬೇಕು? ಆದರೆ ಒಂದು ಮಧ್ಯಾಹ್ನದ ಕಾರ್ಯಾಗಾರ ಯಾರು ಬೇಕಾದರೂ ಮಾಡಬಹುದು. ಡರ್ಬಿಶೈರ್ ಅವರಿಗೆ ಸ್ಟುಡಿಯೊದ ಒಂದು ಹಸಿರು ಲೋಹದ ಲ್ಯಾಂಪ್‌ಶೇಡ್ ತುಂಬಾ ಇಷ್ಟ. ಅದನ್ನು ಬಡಿದು, ಬಡಿದ ಏಟು ತೆಗೆದು, ಉಳಿದ ಗುಂಯ್ ಅನ್ನುವ ನಾದ ಮಾತ್ರ ಇಟ್ಟುಕೊಂಡು ಸಂಗೀತ ಮಾಡಿದರು. ಮಕ್ಕಳಿಗೆ ಮನೆಯಿಂದ ಹಿತ್ತಾಳೆ ತಟ್ಟೆ, ಕಂಚಿನ ಬಟ್ಟಲು ತರಲು ಹೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿಗೆ ಹಾಕಿ, ಆಡಾಸಿಟಿ ಎಂಬ ಸದ್ದು ಎಡಿಟ್ ಮಾಡುವ ಸಾಫ್ಟ್‌ವೇರ್ ತೆರೆಯಿರಿ, ಅದು ಉಚಿತ. ಏಟಿನ ಭಾಗ ಆರಿಸಿ ಅಳಿಸಿ. ಉಳಿದದ್ದರ ಶುರುವಿಗೆ ಫೇಡ್ ಇನ್ ಹಾಕಿ. ವೇಗ ಅರ್ಧ ಮಾಡಿ, ಒಂದು ಸ್ಥಾಯಿ ಇಳಿಯುತ್ತದೆ. ಇನ್ನೂ ಅರ್ಧ ಮಾಡಿ. ಈಗ ಅದು ಬಟ್ಟಲು ಎಂದು ತಂದವರಿಗೂ ಗೊತ್ತಾಗುವುದಿಲ್ಲ. ಇದಾದ ಮೇಲೆ ಡರ್ಬಿಶೈರ್ ಅವರದ್ದನ್ನು ಕೇಳಿಸಿ. ಕ್ರಮ ಹಿಂದುಮುಂದಾಗದಿರಲಿ. ಮೊದಲೇ ಕೇಳಿಸಿದರೆ ಮಕ್ಕಳು ಆಕಳಿಸುತ್ತಾರೆ.

8. ಹುಡುಕಿದರೆ ಸಿಗುವ ಹಾಗೆ ಇಡಿ

ಫೈಲಿನ ಹೆಸರಿನಲ್ಲೇ ವ್ಯಕ್ತಿಯ ಹೆಸರು, ಡಬ್ಬದ ನಂಬರ್, ವರ್ಷ ಇರಲಿ. ‘ನ್ಯೂ ರೆಕಾರ್ಡಿಂಗ್ 7’ ಎಂದು ಬಿಟ್ಟರೆ ನಿಮ್ಮ ಡಿಸ್ಕೇ ಇನ್ನೊಂದು ಅಟ್ಟ. ವರ್ಷ ಅಂದಾಜಾದರೆ ಅಂದಾಜು ಎಂದೇ ಬರೆಯಿರಿ. ಡಿಜಿಟೈಸ್ ಮಾಡಿದವರು, ಸಂದರ್ಶನ ಕೊಟ್ಟವರು, ಅನುವಾದಕ್ಕೆ ಕೈಹಾಕಿದವರು, ಎಲ್ಲರ ಹೆಸರನ್ನೂ ಅವರು ಒಪ್ಪಿದರೆ ಹಾಕಿ. ಯಾರು ಏನು ಮಾಡಿದರು ಎಂದು ಬಿಡಿಸಿ ಹಾಕಿ.

ಕನ್ನಡ ವಿಕಿಪೀಡಿಯದಲ್ಲಿ ಪುಟ ಮಾಡುವುದಿದ್ದರೆ ನಿಮ್ಮ ಸಂದರ್ಶನವನ್ನೇ ಆಧಾರವಾಗಿ ಕೊಡಲು ಆಗುವುದಿಲ್ಲ. ಮೊದಲು ಅದು ಪತ್ರಿಕೆಯಲ್ಲೋ ಪುಸ್ತಕದಲ್ಲೋ ಅಚ್ಚಾಗಿರಬೇಕು. ಹಾಗಾಗಿ ಲೇಖನ ಮೊದಲು, ವಿಕಿಪೀಡಿಯ ಆಮೇಲೆ. ಪುಟ ಮಾಡಿ ಸುಮ್ಮನಾಗಬೇಡಿ. ಒಂಟಿ ಪುಟಕ್ಕೆ ಯಾರೂ ಬರುವುದಿಲ್ಲ. ಪಖಾವಜ್ ಪುಟದಿಂದ ಗೀತಾ ಸಾರಾಭಾಯಿ ಪುಟಕ್ಕೆ, ಅಹಮದಾಬಾದ್ ಪುಟದಿಂದ ಆ ಸ್ಟುಡಿಯೊದ ಪ್ರಸ್ತಾಪಕ್ಕೆ, ಜಾನ್ ಕೇಜ್ ಪುಟದಿಂದ ಇವರಿಬ್ಬರ ಪಾಠದ ಸಾಲಿಗೆ ಕೊಂಡಿ ಹಾಕಿ. ಜನ ಕೇಜ್ ಅವರನ್ನು ಹುಡುಕಿಕೊಂಡು ಬರುತ್ತಾರೆ, ಅದು ಬದಲಾಗಲು ಹೊತ್ತು ಬೇಕು. ಅಲ್ಲಿವರೆಗೆ ಆ ಪುಟದಿಂದಲೇ ಇವರ ಪುಟಕ್ಕೆ ಬರಲಿ ಬಿಡಿ.